ಐದೂವರೆ ಡಿಗ್ರಿ ತಂಪು

ಮಾರ್ಚ್ 9, ಭಾನುವಾರ

ಇವತ್ತು ಮಮದಾಪುರದಲ್ಲಿ ಅತ್ತೆಯವರ ಮನೆಯ ಮಣ್ಣಿನ ಮಾಳಿಗೆ ಕೆಡವಿದೆವು. ಹಾರೆಯ ಮೊದಲ ಏಟಿಗೆ ಮೇಲಿನ ಮಣ್ಣು ಬಿರಿಯಿತು. ಹತ್ತನೆಯ ಏಟಿಗೆ ಜಂತಿ ಲಟಕ್ಕನೆ ಮುರಿದು ಒಂದು ಗಾಡಿಯಷ್ಟು ಮಣ್ಣು ಅಡುಗೆಮನೆಯೊಳಕ್ಕೆ ಸುರಿಯಿತು. ಮಣ್ಣಿನ ಜೊತೆ ಬಿದ್ದ ಮೂರು ಚೇಳುಗಳನ್ನು ಮುತ್ತು ಸನಿಕೆಯಿಂದ ಜಜ್ಜಿ ಹಾಕಿದ. ನನಗೆ ಕೈ ಬರಲಿಲ್ಲ. ಹುಟ್ಟಿದಾಗಿನಿಂದ ಒಂದು ಜೀವದ ಮೇಲೆ ಕೈ ಎತ್ತಿದವನಲ್ಲ ನಾನು. ಹೆಂಡತಿ ನೀಲಾ ಇದನ್ನು ಹೇಳಿಕೊಂಡು ನಗುತ್ತಾಳೆ, ಜಿರಲೆ ಕಂಡರೂ ಇವರು ದಾರಿ ಬಿಡುತ್ತಾರೆ ಎಂದು.

ಮುತ್ತು ನೀಲಾಳ ತಮ್ಮ, ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ. ಅವನಿಗೆ ಹೆಣ್ಣು ನೋಡುತ್ತಿದ್ದಾರೆ. ಹೆಣ್ಣಿನ ಕಡೆಯವರು ಮಣ್ಣಿನ ಮನೆ ಎಂದು ಮೂಗು ಮುರಿದರು. ನಮ್ಮ 'ತಂಪು ಸೂರು' ಯೋಜನೆಯವರೂ ಮಣ್ಣಿನ ಮನೆಗೆ ಸಹಾಯಧನವಿಲ್ಲ ಎನ್ನುತ್ತಾರೆ. ತಗಡು ಇಲ್ಲವೇ ಆರ್‌ಸಿಸಿ ಇದ್ದರೆ ಮಾತ್ರ ಬಿಸಿಲು ತಡೆಯುವ ಬಿಳಿ ಬಣ್ಣ ಪುಕ್ಕಟೆ ಬಳಿದು, ಮನೆಯವರ ಖಾತೆಗೆ ಸಹಾಯಧನ ಹಾಕುತ್ತಾರೆ. ಮಮದಾಪುರದಲ್ಲಿ ನನಗೆ ನಲವತ್ತು ಮನೆಯ ಗುರಿ ಇದೆ. ಊರಲ್ಲಿ ಇರುವ ತಗಡಿನ ಮನೆ ಹದಿನಾಲ್ಕು. ಹಾಗಾಗಿ ನಾನೇ ಮುತ್ತುವಿಗೆ ಹೇಳಿದೆ, ಮೊದಲು ತಗಡಿನ ಪತ್ರಾಸ ಹಾಕಿಸಿಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು. ಹೆಣ್ಣಿನವರೂ ಒಪ್ಪುತ್ತಾರೆ, ನನ್ನ ಗುರಿಯೂ ಮುಟ್ಟುತ್ತದೆ. ಇದರಲ್ಲಿ ತಪ್ಪೇನು?

ಅತ್ತೆಯವರು ಎದುರು ಮನೆಯ ರುಕ್ಸಾರಳ ಕಟ್ಟೆಯ ಮೇಲೆ ಕೂತು ಎಲ್ಲಾ ನೋಡಿದರು. ಜಂತಿ ಮುರಿದಾಗ ಒಂದು ಹೆಂಟೆ ಎತ್ತಿ ನಮ್ಮತ್ತ ಎಸೆದರು. ಅದು ನನ್ನ ಭುಜಕ್ಕೆ ಬಡಿಯಿತು.

"ವರ್ಷಾ ವರ್ಷಾ ನಾ ಮಣ್ಣ ಹೊತ್ತು, ತುಳದು ಗಟ್ಟಿ ಮಾಡಿದ ಮಾಳಗಿ ಅದು. ನಿಮಗೇನ ಮಾಡಿತ್ರಿ ಅಳಿಯಾರ ಅದು?"

ನಾನು ನಕ್ಕು ಭುಜ ಕೊಡವಿಕೊಂಡೆ. ಹಿರಿಯರು, ನೊಂದಿದ್ದಾರೆ.

ಮಾರ್ಚ್ 20, ಗುರುವಾರ

ಪತ್ರಾಸ ಬಿತ್ತು. ಒಳಗೆ ಡಬ್ಬಿ ಕಟ್ಟಿ ಬಂದೆ. ಬೆಂಕಿಪೊಟ್ಟಣದ ಗಾತ್ರದ್ದು, ಕೋಣೆಯ ಉಷ್ಣತೆಯನ್ನು ಮುಖದ ಮೇಲೆ ತೋರಿಸುತ್ತದೆ, ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಜಲನಗರದ ನಮ್ಮ ಮನೆಗೆ ತಂದರೆ ನೀಲಾ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಗೆರೆ ತೆಗೆಯುತ್ತಾಳೆ. ಕಲಿಸಿದವನು ನಾನು, ಈಗ ನನಗಿಂತ ಚುರುಕು. ಇಂಥ ಮನೆಯಲ್ಲಿ ಎಷ್ಟು ಗಂಟೆಗೆ ಒಲೆ ಹಚ್ಚಿದರು, ಎಷ್ಟು ಗಂಟೆಗೆ ಬಾಗಿಲು ತೆರೆದರು ಎಂಬುದನ್ನು ಗೆರೆ ನೋಡಿಯೇ ಹೇಳುತ್ತಾಳೆ.

ಬಣ್ಣಕ್ಕೆ ಮುಂಚೆ, ಮಧ್ಯಾಹ್ನ ಎರಡಕ್ಕೆ: 44.5.

"ಅವ್ವ ಇದರಾಗ ಹೆಂಗ ಮಲಗಬೇಕ್ರಿ?" ಎಂದಳು ನೀಲಾ.

ಇನ್ನೂ ಬಣ್ಣ ಬಿದ್ದಿಲ್ಲವಲ್ಲೇ ಮಾರಾಯ್ತಿ ಎಂದೆ. 'ಮೊದಲು' ಎಷ್ಟು ಹೆಚ್ಚಿದ್ದರೆ 'ಆಮೇಲೆ' ಅಷ್ಟು ಚಂದ ಕಾಣುತ್ತದೆ.

ಮಾರ್ಚ್ 27, ಗುರುವಾರ

ಬಣ್ಣ ಬಳಿಯುವ ಆರಿಫ ಡಬ್ಬಕ್ಕೆ ನೀರು ಬೆರೆಸುತ್ತಿದ್ದ. ಕಣ್ಣಾರೆ ಕಂಡೆ. "ಅತ್ತಿ ಮನಿಗೇ ನೀರ ಬೆರಸ್ತೀಯೇನಲೇ?" ಎಂದೆ. "ದಪ್ಪ ಆಗೇತ್ರಿ ಸಾಹೇಬ್ರ, ಹಚ್ಚಾಕ ಬರೂದಿಲ್ಲ, ಡಬ್ಬದ ಮ್ಯಾಲ ಬರದದ ನೋಡ್ರಿ," ಎಂದ. ಎದುರುತ್ತರ. ಕೆನ್ನೆಗೆ ಕೈ ತಾಗಿಸಿದೆ. ಹೊಡೆತ ಎನ್ನುವಂಥದ್ದಲ್ಲ. ಅವನ ತುಟಿ ಒಡೆದದ್ದು ಹಲ್ಲು ತಾಗಿ, ನನ್ನ ಕೈಯಿಂದಲ್ಲ. ಬಿಳಿ ತಗಡಿನ ಮೇಲೆ ಎರಡು ಹನಿ ರಕ್ತ ಬಿತ್ತು. ಅದರ ಮೇಲೆ ಇನ್ನೊಂದು ಕೈ ಬಣ್ಣ ಹೊಡೆಸಿದೆ.

ಡಬ್ಬದ ಮೇಲೆ ನಿಜಕ್ಕೂ ಹಾಗೆಯೇ ಬರೆದಿತ್ತು, ಸ್ವಲ್ಪ ನೀರು ಬೆರೆಸಬಹುದು ಎಂದು. ಇರಲಿ. ಅವನೂ ದನಿ ಎತ್ತಬಾರದಿತ್ತು.

ಏಪ್ರಿಲ್ 6, ಭಾನುವಾರ

ಹೊರಗೆ ಅಷ್ಟೇ ಬಿಸಿಲಿದ್ದ ದಿನದ ಲೆಕ್ಕ ತೆಗೆದೆವು. ಬಣ್ಣದ ಮೇಲೆ, ಮಧ್ಯಾಹ್ನ ಎರಡಕ್ಕೆ: 39. ಐದೂವರೆ ಡಿಗ್ರಿ ತಂಪು! ಇಲ್ಲಿಯವರೆಗೆ ಅಳೆದ ಮನೆಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಯೋಜನೆಯ ಮುಖ್ಯಸ್ಥ ಚೇತನಕುಮಾರ ಸರ್ ಬೆನ್ನು ತಟ್ಟಿದರು. ಅತ್ತೆಯ ಮನೆ ಇನ್ನು 'ಮಾದರಿ ಮನೆ ಸಂಖ್ಯೆ 1'. ಮೇ 14ಕ್ಕೆ ಬೆಂಗಳೂರಿನಿಂದ ಪರಿಶೀಲನಾ ತಂಡ ಬರುತ್ತದೆ. ಅವರು ಒಪ್ಪಿದರೆ ತಿಕೋಟಾ, ಬಬಲೇಶ್ವರ ಎರಡೂ ಕಡೆ ಯೋಜನೆ ವಿಸ್ತರಣೆ, ನಾನು ತಾಲೂಕು ಸಂಯೋಜಕ. ಒಂಬತ್ತು ವರ್ಷ ಗುತ್ತಿಗೆಯಲ್ಲಿ ತೇಯ್ದ ಚಪ್ಪಲಿಗೆ ಕೊನೆಗೂ ಬೆಲೆ ಬಂತು.

ನಮೂನೆಯ ಕೊನೆಯಲ್ಲಿ ಒಂದು ಪ್ರಶ್ನೆ: 'ನಿವಾಸಿಗೆ ಆರಾಮ ಎನಿಸಿದೆಯೇ? ಹೌದು / ಇಲ್ಲ.' ಅತ್ತೆ ನೀರಿಗೆ ಹೋಗಿದ್ದರು. 'ಹೌದು' ಎಂದು ನಾನೇ ಗುರುತು ಹಾಕಿದೆ.

ನಮ್ಮ ಮನೆ ನೋಡಿ ಊರಲ್ಲಿ ಇನ್ನೂ ಇಪ್ಪತ್ತೈದು ಮಾಳಿಗೆ ಬಿದ್ದಿವೆ. ಹಾರೆಯ ಸಪ್ಪಳ ಓಣಿ ಓಣಿಯಲ್ಲಿ.

ಏಪ್ರಿಲ್ 14, ಸೋಮವಾರ

ಬಾಬಾಸಾಹೇಬರ ಜಯಂತಿಗೆ ಮಮದಾಪುರಕ್ಕೆ ಹೋಗಿದ್ದೆವು. ನೀಲಾ ಬಿಳಿ ಸೀರೆ ಉಟ್ಟಿದ್ದಳು. ಮೆರವಣಿಗೆ ಓಣಿಗೆ ಬರುವ ಹೊತ್ತಿಗೆ ಅತ್ತೆ ತಲೆ ತಿರುಗಿ ಬಿದ್ದರು. ರುಕ್ಸಾರ ತನ್ನ ಮನೆಯೊಳಗೆ ಎತ್ತಿಕೊಂಡು ಹೋಗಿ ಮಲಗಿಸಿದಳು. ಅವಳ ಮನೆ ಇನ್ನೂ ಮಣ್ಣಿನ ಮಾಳಿಗೆಯದೇ. ಒಳಗೆ ಕಾಲಿಟ್ಟ ಕೂಡಲೇ ಮೈ ತಣ್ಣಗಾಯಿತು. ಕಿಸೆಯಲ್ಲಿದ್ದ ಇನ್ನೊಂದು ಡಬ್ಬಿ ತೆಗೆದು ನೋಡಬಾರದಿತ್ತು, ನೋಡಿದೆ.

33.8.

ಅತ್ತೆಯ ಮನೆಯಲ್ಲಿ ಅದೇ ಹೊತ್ತಿಗೆ 39.6. ಮಾರ್ಚ್‌ ಒಂಬತ್ತಕ್ಕೆ ಮುಂಚೆ ಅಲ್ಲೂ ಮೂವತ್ತಮೂರು, ಮೂವತ್ತನಾಲ್ಕು ಇದ್ದಿರಬೇಕು. ನಮ್ಮ ನಮೂನೆಯಲ್ಲಿ ಅದಕ್ಕೆ ಖಾನೆಯೇ ಇಲ್ಲ. ಇರುವುದು ಬಣ್ಣಕ್ಕೆ ಮುಂಚೆ, ಬಣ್ಣದ ನಂತರ, ಅಷ್ಟೇ. ನಮೂನೆ ಮಾಡಿದವನು ನಾನಲ್ಲ.

ಬರುವಾಗ ಬಸ್ಸಿನಲ್ಲಿ ನೀಲಾ ಹಟ ಹಿಡಿದಳು. "ಮಳಿ ಬರೂತನಕ ಅವ್ವನ್ನ ನಮ್ಮ ಮನಿಗೆ ಕರ್ಕೊಂಡ್ ಬರೂಣ್ರಿ."

"ಮಾದರಿ ಮನಿ ಅದು. ಮಾದರಿ ಮನ್ಯಾಗ ಮಂದಿ ಇಲ್ಲಂದ್ರ ಸಾಹೇಬ್ರ ಏನ ಅಂದಾರು?"

"ಮಂದಿ ಸತ್ತ್ರ ಏನ ಅಂದಾರ್ರಿ?"

ಬಸ್ಸಿನಲ್ಲಿ ಮಂದಿ ತಿರುಗಿ ನೋಡಿದರು. ಅವಳ ರಟ್ಟೆ ಹಿಡಿದು ಸುಮ್ಮನಿರು ಎಂದೆ. ಮನೆಗೆ ಬಂದ ಮೇಲೆ ನೋಡಿದರೆ ನಾಲ್ಕು ಬೆರಳೂ ಮೂಡಿದ್ದವು. ಇವಳ ಚರ್ಮವೇ ಹಾಗೆ, ಬೇಗ ಕಂದುತ್ತದೆ.

ಏಪ್ರಿಲ್ 22, ಮಂಗಳವಾರ

41 ಡಿಗ್ರಿ. ತಾಟು ಗೋಡೆಗೆ ಬಡಿದು ಒಡೆಯಿತು. ಸಾರಿಗೆ ಉಪ್ಪಿರಲಿಲ್ಲ.

ಮೇ 1, ಗುರುವಾರ

ಬಬಲೇಶ್ವರದ ಬಸ್‌ ನಿಲ್ದಾಣದಲ್ಲಿ ಮಮದಾಪುರದ ಆರು ಜನ ಅಡ್ಡ ಹಾಕಿದರು. ಮುಂದೆ ಶಿವಯೋಗೆಪ್ಪ. ನಮ್ಮ ಮನೆ ನೋಡಿ ಮಾಳಿಗೆ ಕೆಡವಿದವರಲ್ಲಿ ಮೊದಲಿಗ. ಅವನ ಸೊಸೆ ಬಾಣಂತಿ, ಕೂಸಿನ ಮೈಯೆಲ್ಲಾ ಬೊಕ್ಕೆ ಎದ್ದಿದೆಯಂತೆ.

"ಸಹಾಯಧನ ಅಂತ ಹೇಳಿ ನೆಳ್ಳ ಕಸ್ಗೊಂಡಿ ಮಗನ! ನಮ್ಮ ಮಾಳಗಿ ನಮಗ ಕೊಡು!"

ಮೊದಲ ಏಟು ಕಿವಿಯ ಮೇಲೆ ಬಿತ್ತು. ಆಮೇಲೆ ಲೆಕ್ಕ ತಪ್ಪಿತು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದರು, ಕನ್ನಡಕ ತುಳಿದರು, ಒಬ್ಬ ನಮೂನೆಗಳ ಕಡತವನ್ನು ನನ್ನ ಮುಖದ ಮೇಲೆಯೇ ಹರಿದು ಚೆಲ್ಲಿದ. ಬಾಯಿತುಂಬ ರಕ್ತ, ಮಣ್ಣು. ಹಣ್ಣಿನ ಗಾಡಿಯ ಪಕ್ಕ ಮುತ್ತು ನಿಂತಿದ್ದ. ತಿಕೋಟಾಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ನೋಡಿದ. ಬಿಡಿಸಲು ಬರಲಿಲ್ಲ.

ಮನೆಗೆ ಬಂದೆ. ನೀಲಾ ಅರಿಶಿನ ಹಚ್ಚುತ್ತಾ, "ಅವರ ಅಂದದ್ದರಾಗ ಸುಳ್ಳ ಏನೈತ್ರಿ?" ಎಂದಳು.

ಬಾಗಿಲ ಚೌಕಟ್ಟು ಇವಳ ಹಣೆಗೆ ಬಡಿಯಿತು. ಎರಡು ಹೊಲಿಗೆ. ದವಾಖಾನೆಯಲ್ಲಿ ಇವಳೇ ಹೇಳಿದಳು, ಬಾಗಿಲು ಬಡಿಯಿತು ಎಂದು. ನಾನು ಹೇಳಿಕೊಟ್ಟಿರಲಿಲ್ಲ.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಪರಿಶೀಲನೆಗೆ ಇನ್ನೆರಡು ದಿನ ಎಂದು ಮಾದರಿ ಮನೆ ನೋಡಲು ನೀಲಾಳ ಜೊತೆ ಹೋದರೆ ಮುದುಕಿ ಬಿಳಿ ಛಾವಣಿಯನ್ನು ಹಾಳು ಮಾಡಿ ಇಟ್ಟಿದೆ! ನಿಚ್ಚಣಿಕೆ ಹಾಕಿಕೊಂಡು ಹತ್ತಿ, ತಗಡಿನ ತುಂಬ ಜೋಳದ ಕಣಿಕೆ ಹಾಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಅರವತ್ತೆಂಟು ವಯಸ್ಸು. ಮಣ್ಣಿನ ಮಾಳಿಗೆಯ ಮೇಲೆ ಓಡಾಡಿದಂತೆ ತಗಡಿನ ಮೇಲೆ ಓಡಾಡುತ್ತದೆ, ಬರಿಗಾಲಲ್ಲಿ.

"ಈಗ ಒಳಗ ಬಂದು ನೋಡ್ರಿ ಅಳಿಯಾರ, ಎಷ್ಟ ತಂಪ ಆಗೇತಿ," ಎಂದಿತು, ಬಹುಮಾನ ಕೊಡುತ್ತೇನೆ ಎಂದುಕೊಂಡವರಂತೆ.

ಒಳಗೆ ಹೋದೆ. ತಂಪಾಗಿತ್ತು. ಅದೇ ನನಗೆ ಸಿಟ್ಟು ತಂದದ್ದು. ಆರು ವರ್ಷ ಸಂಶೋಧನೆ ಮಾಡಿ ತಯಾರಿಸಿದ ಬಣ್ಣದ ಮೇಲೆ ದನ ತಿನ್ನುವ ಕಣಿಕೆ! ಸಾಹೇಬರು ಬಂದು ಇದನ್ನು ನೋಡಿದರೆ? ಗೋಣಿಚೀಲಗಳನ್ನು ಎಳೆದು ಬಚ್ಚಲಿಗೆ ಎಸೆದೆ, ಕಣಿಕೆಯನ್ನು ಕೆಳಕ್ಕೆ ದೂಡಿದೆ. ತಡೆಯಲು ಬಂದ ನೀಲಾಳಿಗೆ ಒಂದು ಬಾರಿಸಿದೆ. ಮುದುಕಿ ನಡುವೆ ಬಂದಿತು, ಅದಕ್ಕೂ ಒಂದು ತಗುಲಿತು.

ಬುದ್ಧವಿಹಾರದಲ್ಲಿ ವಂದನೆಗೆ ಕೂತಾಗ ತಾಯಿ, ಮಗಳು ಇಬ್ಬರೂ ಹೆಂಗಸರ ಸಾಲಿನ ಕೊನೆಯಲ್ಲಿ ಕೂತರು. ಪಂಚಶೀಲ ಹೇಳುವಾಗ ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಮೇ 14, ಬುಧವಾರ

ಅತ್ತೆ ಬಿದ್ದರು. ಕಣಿಕೆ ಹೊದಿಸಲೆಂದು ಬೆಳಿಗ್ಗೆ ಹತ್ತಿದ್ದಾರೆ, ಹೊದಿಸುವ ಮೊದಲೇ ಕಾಲು ಜಾರಿ ಕಲ್ಲಿನ ಕಟ್ಟೆಯ ಮೇಲೆ ಬಿದ್ದಿದ್ದಾರೆ. ಮುತ್ತು ತಿಕೋಟಾದಲ್ಲಿ. ಓಣಿಯವರೆಲ್ಲಾ ಕೆರೆಯ ಹೂಳೆತ್ತುವ ಕೆಲಸಕ್ಕೆ ಹೋಗಿದ್ದರು. ನಾನು ಮುಟ್ಟಿದ್ದು ಹನ್ನೆರಡೂ ಹತ್ತಕ್ಕೆ. ಮುಟ್ಟಿದ ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಎಲ್ಲರಿಗೂ ಹೀಗೇ ಹೇಳಿದ್ದೇನೆ. ನಡೆದದ್ದೂ ಹೀಗೇ.

ಆಂಬುಲೆನ್ಸ್ ಹೋದ ಮೇಲೆ, ಒಂದು ಗಂಟೆಗೆ ತಂಡ ಬಂತು. ಛಾವಣಿ ಬೆಳ್ಳಗೆ ಫಳಫಳ ಎನ್ನುತ್ತಿತ್ತು. ಬಹಳ ಮೆಚ್ಚಿದರು.

ಅಂಗೈ ತುಂಬ ಗೀರು, ಉಪ್ಪು ನೀರು ತಾಗಿದರೆ ಉರಿಯುತ್ತದೆ. ಬರೆಯಲು ಕಷ್ಟ.

ಮೇ 17, ಶನಿವಾರ

ಅತ್ತೆ ಬೆಳಿಗ್ಗೆ ತೀರಿಕೊಂಡರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. ಮೂರು ದಿನವೂ ಮಾತಾಡಲಿಲ್ಲ. ಇನ್ನರ್ಧ ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಡಾಕ್ಟರುಗಳು ಯಾವಾಗಲೂ ಹಾಗೇ ಹೇಳುತ್ತಾರೆ.

ಮಣ್ಣು ಕೊಡುವಾಗ ನೀಲಾ ಅಳಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು.

ಮೇ 24, ಶನಿವಾರ

ವಿಸ್ತರಣೆಯ ಆದೇಶ ಬಂತು. ತಿಕೋಟಾ, ಬಬಲೇಶ್ವರ, ಒಟ್ಟು ನಾನೂರು ಮನೆ. ಚೇತನಕುಮಾರ ಸರ್ ಫೋನ್ ಮಾಡಿ, ವರದಿಯ ಮುಖಪುಟಕ್ಕೆ ಮಾದರಿ ಮನೆಯ ಚಿತ್ರ ಹಾಕಿದ್ದೇವೆ, ನಿಮ್ಮ ಅತ್ತೆಯವರೂ ಇದ್ದಾರೆ ಎಂದರು. ಅತ್ತೆ ತೀರಿಕೊಂಡರು ಸರ್ ಎಂದೆ. ಛೇ, ಉಷ್ಣತೆಯ ಅಂಕಿ ಮಾತ್ರ ಸೋಮವಾರದೊಳಗೆ ಕಳಿಸಿಬಿಡಿ ಎಂದರು.

ಮಾದರಿ ಮನೆಯ ಡಬ್ಬಿಯನ್ನು ದಿವಸದ ಕಾರ್ಯದಲ್ಲಿ ನೀಲಾ ಬಿಚ್ಚಿಕೊಂಡು ಬಂದಿದ್ದಳಂತೆ. ನನಗೆ ಅದರ ನೆನಪೇ ಇರಲಿಲ್ಲ. ಸಂಜೆ ಬಂದಾಗ ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿದ್ದಳು. ತೆರೆಯ ಮೇಲೆ ಮೇ 14ರ ಗೆರೆ.

"ಅವ್ವ ಹೊದಿಸೂ ಮೊದಲ ಬಿದ್ದಿದ್ದಳು ಅಂದ್ರಿ. ಇಲ್ಲಿ ನೋಡ್ರಿ. ಏಳೂವರಿಯಿಂದ ಹನ್ನೊಂದೂವರಿತನಕ ಮನಿ ಮೂವತ್ತನಾಕ ಐತಿ. ಕಣಿಕಿ ಮ್ಯಾಲಿದ್ದ್ರನ ಇಷ್ಟ ತಂಪ. ಹನ್ನೆರಡನೇ ತಾರೀಖಿಗೂ ಹಿಂಗ ಇತ್ತು."

ಅವಳು ಗೆರೆಯ ಮೇಲೆ ಬೆರಳು ಸರಿಸಿದಳು.

"ಹನ್ನೊಂದೂವರಿಗೆ ಗೆರಿ ಏರಾಕ ಹತ್ತೇತಿ. ಹನ್ನೆರಡಕ್ಕ ಮೂವತ್ತೊಂಬತ್ತು. ಕಣಿಕಿ ಇಳದಾವ. ನೀವು ಫೋನ್ ಮಾಡಿದ್ದು ಹನ್ನೆರಡೂ ಹತ್ತಕ್ಕ. ಕಣಿಕಿ ಯಾರ ಇಳಿಸಿದ್ರು, ಹೇಳ್ರಿ?"

ಕುತ್ತಿಗೆ ಹಿಡಿದೆ. ಗೋಡೆಗೆ ಒತ್ತಿದೆ. ಗಡಿಯಾರ ಬಿದ್ದು ಒಡೆಯಿತು. ಅವಳ ಕಣ್ಣು ಮೇಲೇರಿದವು, ಆದರೂ ಮುಚ್ಚಿದ ಮುಷ್ಟಿ ಬಿಡಲಿಲ್ಲ. ಅದರೊಳಗೆ ಡಬ್ಬಿ ಇತ್ತು. ಬೆರಳು ಬಿಡಿಸಲು ನಾನು ಒಂದು ಕೈ ತೆಗೆದಾಗ ಮೊಣಕಾಲಿನಿಂದ ಒದ್ದಳು. ನೆಲಕ್ಕೆ ಬಿದ್ದೆ. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಹೋದಳು. ಕೆಳಗೆ ಆಟೋ ಕರೆಯುವ ದನಿ ಕೇಳಿಸಿತು. ತಿಕೋಟಾಕ್ಕೆ ಎಂದಳು, ತಮ್ಮನ ಹತ್ತಿರ.

ಮೇ 26, ಸೋಮವಾರ

ಬಬಲೇಶ್ವರ ಠಾಣೆಯಿಂದ ಫೋನ್ ಬಂತು. ನಾಳೆ ಬೆಳಿಗ್ಗೆ ಹತ್ತಕ್ಕೆ ಬರಬೇಕಂತೆ. ನೀಲಾ, ಮುತ್ತು ಇಬ್ಬರೂ ಹೇಳಿಕೆ ಕೊಟ್ಟಿದ್ದಾರೆ. ಶರ್ಟಿಗೆ ಇಸ್ತ್ರಿ ಮಾಡಿದೆ. ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಮೂರು ಸಲ ಹೇಳಿಕೊಂಡೆ. ಮೂರನೆಯ ಸಲ ನನಗೇ ನಂಬಿಕೆ ಬಂತು.

ಆಮೇಲೆ ಆಫೀಸಿನ ಕೆಲಸಕ್ಕೆ ಕೂತೆ. ಅಂಕಿಗಳನ್ನು ಇವತ್ತು ಕಳಿಸಲೇಬೇಕು. ನಲವತ್ತು ಮನೆಯ ನಮೂನೆ, ಕೊನೆಯ ಸುತ್ತಿನದು. 'ನಿವಾಸಿಗೆ ಆರಾಮ ಎನಿಸಿದೆಯೇ?' ಕೆಳಗಿನಿಂದ ಶುರು ಮಾಡಿದೆ. ಹೌದು. ಹೌದು. ಶಿವಯೋಗೆಪ್ಪನಿಗೂ ಹೌದು. ಮೂವತ್ತೊಂಬತ್ತು ಮನೆ ಹತ್ತು ನಿಮಿಷದಲ್ಲಿ ಮುಗಿಯಿತು. ಮೇಲೆ ಒಂದು ಉಳಿಯಿತು.

ಮಾದರಿ ಮನೆ ಸಂಖ್ಯೆ 1. ಆ ಖಾನೆಗೆ ಏನು ಬರೆದರೂ ಅತ್ತೆಯವರೇ ಹೇಳಿದ ಹಾಗಾಗುತ್ತದೆ. ಅವರು ನನಗೆ ಕೊನೆಯದಾಗಿ ಹೇಳಿದ್ದು ಬೇರೆ. ಅದನ್ನು ಎಲ್ಲಾದರೂ ಒಂದು ಕಡೆ ಬರೆದಿಡಬೇಕು. ಇಲ್ಲಿ ಬರೆಯುತ್ತೇನೆ.

ಆ ಬುಧವಾರ ನಾನು ಹೋದದ್ದು ಹನ್ನೊಂದೂ ಕಾಲಿಗೆ. ಛಾವಣಿಯ ತುಂಬ ಕಣಿಕೆ ಇತ್ತು. ಒಬ್ಬರೇ ನಸುಕಿನಲ್ಲೆದ್ದು ಹೊದಿಸಿದ್ದರು. ನಾನು ಹತ್ತಿ ಎಳೆಯತೊಡಗಿದೆ. ಅವರೂ ಹಿಂದೆಯೇ ಹತ್ತಿ ಬಂದು ಕಣಿಕೆಯ ಮೇಲೆ ಬೋರಲು ಮಲಗಿಬಿಟ್ಟರು, ಎರಡೂ ಕೈ ಚಾಚಿ. "ಇಷ್ಟ ಬಿಡ್ರಿ ಯಪ್ಪಾ, ಸಾಹೇಬ್ರ ಹೋದಮ್ಯಾಲ ಬಣ್ಣ ನೋಡ್ಕೊಳ್ರಿ," ಎಂದರು. ನಾನು ಕಣಿಕೆಯನ್ನು ಅವರ ಸಮೇತ ಎಳೆದೆ. ಬಣ್ಣದ ತಗಡು ನುಣ್ಣಗಿತ್ತು. ಒಂದೇ ಎಳೆತಕ್ಕೆ ಜಾರಿದರು. ಕಟ್ಟೆಗೆ ತಲೆ ಬಡಿದ ಸಪ್ಪಳ ಕೇಳಿತು.

ಇಳಿದು ನೋಡಿದೆ. ಕಣ್ಣು ತೆರೆದಿದ್ದವು. ನೀರು ಎಂದರು. ಸಾಹೇಬರು ಬರುವ ಹೊತ್ತಾಗಿತ್ತು. ತಡೀರಿ ಎಂದು ಮತ್ತೆ ಹತ್ತಿದೆ. ಉಳಿದ ಕಣಿಕೆಯನ್ನು ಸಿವುಡು ಸಿವುಡಾಗಿ ಇಳಿಸಿ, ಬಣವೆಗೆ ಒಟ್ಟಿ, ತಗಡು ಗುಡಿಸಿದೆ. ನಡುವೆ ಇನ್ನೊಂದು ಸಲ ನೀರು ಎಂದದ್ದು ಮೇಲಕ್ಕೆ ಕೇಳಿಸಿತು. ಪೂರ್ತಿ ಬೆಳ್ಳಗಾದ ಮೇಲೆ ಫೋನ್ ಮಾಡಿದೆ.

ನೀರು ಕೊಡಲಿಲ್ಲ. ಹೊರಸಿನ ಕೆಳಗೆ ತುಂಬಿದ ಕೊಡ ಇತ್ತು.